ಹಗೇವಿನ ನೀಲಿ ಕಪ್ಪೆ

ಗುರವ್ವನ ಗಂಡ ಚನ್ನಬಸಯ್ಯ ಸತ್ತು ಏಳು ವರ್ಷವಾಗಿತ್ತು. ಆದರೂ ಆತನ ದನಿ ಮನೆ ಬಿಟ್ಟಿರಲಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಎಂದು ದಿನ ನೋಡಿ ಬರುವ ದೆವ್ವವಲ್ಲ ಅದು. ಹಾಡಹಗಲಿಗೆ, ಆಕೆ ಹೆಂಚಿನ ಮೇಲೆ ರೊಟ್ಟಿ ಹಾಕಿದ ಹೊತ್ತಿಗೆ ಸರಿಯಾಗಿ, ಅಂಗಳದಿಂದ ಕೇಳುತ್ತಿತ್ತು: "ಕಂದೀಲ ಬಿಟ್ಟೀಯೇನ?" ರೊಟ್ಟಿ ಸೀದು ಕರಕಾಗುತ್ತಿತ್ತು. ಗಂಡ ಹೋದ ಮೇಲೆ ಪಾಪ ಆಕೆಯ ಕೈ ಹದವೇ ತಪ್ಪಿತು ಎಂದು ಇಂಗಳೇಶ್ವರದ ಹೆಂಗಸರು ಮರುಗುತ್ತಿದ್ದರು. ತಪ್ಪಿದ್ದು ಏನೆಂದು ಆಕೆಯೊಬ್ಬಳಿಗೇ ಗೊತ್ತಿತ್ತು.

ತೊಂಬತ್ತೆಂಟರ ಬೇಸಿಗೆಯ ಮಾತು. ಮೈದುನ ಕಲ್ಮೇಶ ಸೊಲ್ಲಾಪುರದಲ್ಲಿ ಬಣ್ಣದ ಮೀನು ಮಾರುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅಂಗಡಿ ಮುಚ್ಚಿತು, ಮಾಲಕ ಕೊಟ್ಟ ನಾಲ್ಕು ಕಪ್ಪೆ ಹಿಡಿದುಕೊಂಡು ಊರಿಗೆ ಬಂದ. ಕಪ್ಪೆ ಎಂದರೆ ನಮ್ಮ ಹಳ್ಳದ ಕಪ್ಪೆ ಎಂದುಕೊಳ್ಳಬೇಡಿ. ಹೆಬ್ಬೆರಳಿನಷ್ಟು ಉದ್ದ, ಅರಿವೆಗೆ ಹಾಕುವ ನೀಲಿಯಲ್ಲಿ ಅದ್ದಿ ತೆಗೆದಂಥ ಮೈ, ಬೆನ್ನ ಮೇಲೆಲ್ಲ ಕರಿ ಚುಕ್ಕೆ. ಸಮುದ್ರದಾಚೆಯ ಕಾಡಿನ ಪ್ರಾಣಿ. ಇದರ ಬಳಗದ ವಿಷವನ್ನು ಅಲ್ಲಿಯ ಬೇಟೆಗಾರರು ಬಾಣಕ್ಕೆ ಸವರುತ್ತಾರಂತೆ.

"ಒಂದರ ಚುಕ್ಕಿಯಂಗ ಇನ್ನೊಂದರದ್ದು ಇಲ್ಲ ನೋಡ್ರಿ ವೈನಿ. ಬೆರಳ ತುದಿ ಅಗಲ ಇದ್ದದ್ದು ಗಂಡು," ಎಂದು ಕಲ್ಮೇಶ ತೋರಿಸಿದ. ಗುರವ್ವ ಹಿಂದೆ ಸರಿದಳು. "ಅಂಜಬ್ಯಾಡ್ರಿ. ಕಾಡಿನ್ಯಾಗ ತಿನ್ನೂ ಇರಿವಿಯಿಂದ ವಿಷ ಬರತೈತಿ. ಇವು ಗಾಜಿನ ಪೆಟಿಗ್ಯಾಗ ಹುಟ್ಟಿ ನೊಣಾ ತಿಂದು ಬೆಳದಾವು. ಇವಕ್ಕ ವಿಷಾನ ಇಲ್ಲ."

ಊರಲ್ಲಿ ಯಾರೂ ನಂಬಲಿಲ್ಲ, ಗುರವ್ವ ನಂಬಿದಳು. ಕೊಳೆತ ಬಾಳೆಹಣ್ಣು ಡಬ್ಬಿಯಲ್ಲಿಟ್ಟು ಸಣ್ಣ ನೊಣ ಬೆಳೆಸಿಕೊಟ್ಟಳು. "ಎಮ್ಮಿ ಕಟ್ಟಿದ್ರ ಹಾಲರ ಹಿಂಡತಿತ್ತು," ಎಂದು ಚನ್ನಬಸಯ್ಯ ನಗುತ್ತಿದ್ದ. ನಗುತ್ತಲೇ ತಮ್ಮನ ಕಪ್ಪೆಗಳಿಗೆ ಬಾವಿಯ ತಣ್ಣೀರು ತಂದು ಕೊಡುತ್ತಿದ್ದ. ದೇವರಂಥ ಮನುಷ್ಯ.

ಏಪ್ರಿಲ್ ಬಂತು. ಮನುಷ್ಯರೇ ಬೇಯುವ ಬಿಸಿಲಿನಲ್ಲಿ ಆ ತಂಪು ಕಾಡಿನ ಜೀವ ಎಲ್ಲಿ ಉಳಿದೀತು? ಅಂಗಳದ ಹಗೇವು ಖಾಲಿ ಬಿದ್ದಿತ್ತು. ಹಿಂದಿನವರು ಜೋಳ ತುಂಬಿಡಲು ನೆಲದೊಳಗೆ ಎರಡಾಳು ಆಳ ತೋಡಿದ ಗುಂಡಿ. ಒಬ್ಬ ಇಳಿಯುವಷ್ಟೇ ಬಾಯಿ, ಮೇಲೊಂದು ಕಲ್ಲು. ಅದರಷ್ಟು ತಂಪು ಜಾಗ ಊರಲ್ಲೇ ಇರಲಿಲ್ಲ. ಗಾಜಿನ ಪೆಟ್ಟಿಗೆಗೆ ಮೇಲೆ ಜಾಳಿಗೆ ಕಟ್ಟಿ ಅದರೊಳಗಿಟ್ಟರು. ಆದರೆ ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಡುತ್ತದೆ. ಕಲ್ಲು ಸರಿಸಿ, ಸ್ವಲ್ಪ ಹೊತ್ತು ಬಾಯಿ ತೆರೆದಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ಕಂದೀಲು ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಕೂಡದು. ಆ ಸೀಮೆಯಲ್ಲಿ ಕೂಸಿಗೂ ಗೊತ್ತಿದ್ದ ಮಾತು. ದಿನಾ ಕಂದೀಲು ಬಿಡುವ ಕೆಲಸ ಗುರವ್ವನದು.

ಆ ದಿನ ಕಲ್ಮೇಶ ಕೆಲಸ ಹುಡುಕಿ ಮುದ್ದೇಬಿಹಾಳಕ್ಕೆ ಹೋಗಿದ್ದ. ಹಿಂದಿನ ದಿನ ಅಕಾಲದ ಮಳೆ ಹೊಡೆದು ಹಗೇವಿನ ತಳದ ಹಳೆಯ ಜೋಳದ ಪುಡಿಯೆಲ್ಲ ನೆನೆದು ಹುಳಿತು ಗಾಳಿ ಕೆಡಿಸುತ್ತಿತ್ತು. ಗುರವ್ವ ಕಲ್ಲೇನೋ ಸರಿಸಿದ್ದಳು. ನಿನ್ನೆ ಉರಿದ ಕಂದೀಲು ಇವತ್ತು ಉರಿಯದೇ ಇದ್ದೀತೇ ಎಂದು ಒಲೆಯ ಮುಂದೆ ಕೂತಳು. ಚನ್ನಬಸಯ್ಯ ತಮ್ಮನ ಬದಲು ಕಪ್ಪೆಗಳಿಗೆ ನೀರು ಹಾಕಲು ತಂಬಿಗೆ ಹಿಡಿದು ಬಂದು ಅಂಗಳದಿಂದ ಕೇಳಿದ. ಹೆಂಚಿನ ಮೇಲೆ ರೊಟ್ಟಿ ಇತ್ತು. ಆಕೆ ತಲೆ ಎತ್ತದೇ ಹೇಳಿದಳು, "ಹೂಂ, ಬಿಟ್ಟೇನಿ. ಉರದೈತಿ."

ಎರಡು ರೊಟ್ಟಿ ಬೇಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವಿಷದ ಕಪ್ಪೆಗೆ ಹೆದರಿ ಯಾರೂ ಇಳಿಯಲಿಲ್ಲ. ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆ ಬಿಟ್ಟು ಹೆಣ ಮೇಲೆತ್ತಿದರು. ಮುಚ್ಚಿದ ಅಂಗೈಯಲ್ಲಿ ಒಂದು ನೀಲಿ ಕಪ್ಪೆ ಇತ್ತು, ಕಾಲು ಸೆಟೆದು ಸತ್ತಿತ್ತು. ಬಾಜೂಮನೆಯ ರಾವಸಾಬ ಎಲ್ಲರ ಎದುರಿಗೇ ಕೇಳಿದ, "ಗುರವ್ವಾ, ಕಂದೀಲ ಬಿಟ್ಟಿದ್ದೆಲ್ಲ?" ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಗಂಡನನ್ನು ಕೊಂದವಳು ಎನಿಸಿಕೊಂಡು ಆ ಊರಲ್ಲಿ ಹೇಗೆ ಬಾಳುವುದು? "ಬಿಟ್ಟಿದ್ದೆ. ಉರೀತು," ಎಂದಳು.

ಕಂದೀಲು ಉರಿದಿದ್ದರೆ ಗಾಳಿ ಒಳ್ಳೆಯದು. ಗಾಳಿ ಒಳ್ಳೆಯದಾದರೆ ಕೊಂದದ್ದು ಕಪ್ಪೆ. ಕಪ್ಪೆ ತಂದವನು ಕಲ್ಮೇಶ. ಊರಿಗೆ ಲೆಕ್ಕ ಸುಲಭವಾಯಿತು. ಸಂಜೆ ಅವನು ಓಡಿಬಂದಾಗ ಹೆಣದ ಹತ್ತಿರ ಬಿಡಲಿಲ್ಲ. "ನಿನ್ನ ಕೈಯಾಗ ವಿಷ ಐತಿ, ಮುಟ್ಟಬ್ಯಾಡ," ಎಂದು ತಳ್ಳಿದರು. ಹಗೇವಿಗೆ ಮಣ್ಣು ತುಂಬಿದರು. ಕಲ್ಮೇಶ ಸಿಂದಗಿಗೆ ಹೋದವನು ಮತ್ತೆ ತಿರುಗಿ ನೋಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಗುರವ್ವನ ಮಾತು ಹೋಗಲೊಲ್ಲದು, ದಿನಾ ಅಂಗಳದಲ್ಲಿ ಬಂದು ನಿಲ್ಲುತ್ತಿತ್ತು.

ಎರಡು ಸಾವಿರದ ಐದರ ಬೇಸಿಗೆಯಲ್ಲಿ ಕಲ್ಮೇಶನ ಹೆಂಡತಿ ರಾಜೇಶ್ವರಿ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ, ಬೆವರು ಒರೆಸಿಕೊಳ್ಳುತ್ತ ಮನೆ ಹುಡುಕಿಕೊಂಡು ಬಂದಳು. ಗುರವ್ವ ಆಕೆಯನ್ನು ನೋಡಿದ್ದು ಅದೇ ಮೊದಲು.

"ಅಕ್ಕಾರ, ಮಗಳಿಗೆ ಐದ ವರ್ಷ ಆತ್ರಿ. ಅವರು ಒಂದ ದಿನ ಎತಗೊಂಡಿಲ್ಲ. ನನ್ನ ಕೈಯಾಗ ವಿಷ ಐತಿ, ಅಣ್ಣನ್ನ ಕೊಂದೈತಿ ಅಂತಾರ. ತೊಳದು ತೊಳದು ಕೈ ಸುಲದಾವು. ಈಗ ಸೊಲ್ಲಾಪುರದಿಂದ ಮತ್ತ ಅಂಥಾದ್ದ ಕಪ್ಪಿ ತಂದಾರ್ರಿ. ಬೆರಳ ಕೊಯ್ಕೊಂಡು ಅದರ ಮೈಗೆ ಹಚ್ಚಿ ನೋಡ್ತೇನಿ ಅಂತಾರ. ನಿಮ್ಮ ಮಾತ ಕೇಳ್ಯಾರು, ಬರ್ರಿ."

ಊರು ಅವನನ್ನು ಬೈಯುವುದು ಗುರವ್ವನಿಗೆ ಗೊತ್ತಿತ್ತು. ಅವನೇ ಅದನ್ನು ನಂಬಿಯಾನೆಂದು ಆಕೆಗೆ ಹೊಳೆದಿರಲೇ ಇಲ್ಲ. ಉಟ್ಟ ಸೀರೆಯಲ್ಲೇ ಹೊರಟಳು.

ಸಿಂದಗಿಯ ಮನೆಯಲ್ಲಿ ಕಲ್ಮೇಶ ಗಾಜಿನ ಪೆಟ್ಟಿಗೆಯ ಮುಂದೆ ಕೂತಿದ್ದ. ಒಳಗೆ ಹಸಿ ಎಲೆಯ ಮೇಲೆ ಅದೇ ನೀಲಿ. ಪಕ್ಕದಲ್ಲಿ ಬ್ಲೇಡು. ಮಗಳು ವಿಜಯಲಕ್ಷ್ಮಿ ದೂರದ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಪ್ಪನ ಹತ್ತಿರ ಹೋಗಬಾರದೆಂಬುದು ಆ ಮಗುವಿಗೆ ರೂಢಿಯಾಗಿತ್ತು.

"ಯಾವ ಜಾತಿ, ಗಂಡೋ ಹೆಣ್ಣೋ, ಎಲ್ಲಾ ನೋಡಿ ಹೇಳ್ತೇನಿ ವೈನಿ," ಎಂದ ಕಲ್ಮೇಶ. "ಕಾಡಿನಿಂದ ಹಿಡದು ತಂದದ್ದೋ ಪೆಟಿಗ್ಯಾಗ ಹುಟ್ಟಿದ್ದೋ, ಅದನ್ನ ನೋಡಿ ಹೇಳಾಕ ಬರೂದಿಲ್ಲ. ಮಾಲಕ ಹೇಳಿದ, ನಾ ನಂಬಿದೆ. ಅಂವಾ ಸುಳ್ಳ ಹೇಳಿದ್ರ? ನನಗ ಗೊತ್ತಾಗಬೇಕು." ಬ್ಲೇಡಿಗೆ ಕೈ ಹಾಕಿದ.

ಗುರವ್ವ ಬ್ಲೇಡಿನ ಮೇಲೆ ತನ್ನ ಅಂಗೈ ಊರಿದಳು. "ಈ ಕಪ್ಪಿಗೇನ ಗೊತ್ತೈತಿ? ನನ್ನ ಕೇಳು. ಸುಳ್ಳ ಹೇಳಿದಾಕಿ ನಾನು. ಅವತ್ತ ಕಂದೀಲ ಬಿಟ್ಟಿದ್ದಿಲ್ಲ. ಬಿಟ್ಟೇನಿ ಅಂತ ನಿಮ್ಮಣ್ಣಗೂ ಹೇಳಿದೆ, ಊರಿಗೂ ಹೇಳಿದೆ. ಅವರ ಅಂಗೈಯಾಗ ಕಪ್ಪಿನೂ ಸತ್ತಿತ್ತಲ್ಲೋ ತಮ್ಮಾ. ಅದಕ್ಕ ಯಾರ ವಿಷ ಹಾಕಿದ್ರು? ಕೆಟ್ಟ ಗಾಳಿ ಇಬ್ಬರನ್ನೂ ಕೊಂದೈತಿ."

ಕಲ್ಮೇಶ ಬ್ಲೇಡಿನ ಕಡೆಯಿಂದ ಕೈ ಹಿಂದೆ ತೆಗೆದ. ಬೈದಿದ್ದರೆ, ಹೊಡೆದಿದ್ದರೆ ಆಕೆಗೆ ಹಗುರವಾಗುತ್ತಿತ್ತು. ಅವನು ಇಷ್ಟೇ ಅಂದ, "ಅಣ್ಣನ ಮಾರಿ ಮುಟ್ಟಾಕ ಬಿಡಲಿಲ್ಲ ನನಗ. ನೀವು ಅಲ್ಲೇ ಕುಂತಿದ್ರಿ."

ಗುರವ್ವ ಬ್ಲೇಡು ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡಳು.

ಅವನು ಎದ್ದ. ಸುಲಿದು ಕೆಂಪಾದ ಕೈಗಳನ್ನು ಚಾಚಿ ನೆಟ್ಟಗೆ ಬಾಗಿಲಿಗೆ ಹೋಗಿ ಮಗಳನ್ನು ಎತ್ತಿಕೊಂಡ. ಎತ್ತುವುದು ಹೇಗೆಂದು ತಿಳಿಯದೆ ಬಿಗಿಯಾಗಿ ಹಿಡಿದ. ವಿಜಯಲಕ್ಷ್ಮಿ ಒಂದು ಗಳಿಗೆ ಕಟ್ಟಿಗೆಯಂತೆ ಸೆಟೆದಳು. ಆಮೇಲೆ ಗುರುತಿಲ್ಲದ ಯಾರೋ ಹಿಡಿದುಕೊಂಡರೆಂಬಂತೆ ಕಿರುಚಿ ಅಳುತ್ತ, ಅವನ ಎದೆಯನ್ನು ಎರಡೂ ಕೈಯಿಂದ ನೂಕಿ, ಅವ್ವನ ಕಡೆಗೆ ವಾಲಿದಳು.