ಅಮ್ಮನ ಕೈಮಾತು

ಅಮ್ಮ ಎರಡನೆಯ ಆಪರೇಷನ್ ಬೇಡವೆಂದದ್ದು ಯಾಕೆ ಎಂಬುದು ಅಪ್ಪನಿಗೆ ಇನ್ನೂ ತಿಳಿದಿರಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದಾಗ, ಎಲ್ಲ ವಿಡಿಯೊದಲ್ಲಿದೆ, ಆಮೇಲೆ ನೋಡು ಎಂದು ಸನ್ನೆ ಮಾಡಿ ಕಣ್ಣು ಮುಚ್ಚಿಕೊಂಡಿದ್ದಳು. ಇಬ್ಬರೂ ಹುಟ್ಟು ಕಿವುಡರು. ಅವರ ಸಂಸಾರವೆಲ್ಲ ಕೈಮಾತಿನಲ್ಲೇ ನಡೆದದ್ದು. ದೀಪ ಆರಿಸಿದರೆ ಜಗಳವೂ ನಿಲ್ಲುತ್ತಿತ್ತು.

ಈಗ ಅವಳಿಲ್ಲ. ಮನೆಯ ಹಳೇ ಕಂಪ್ಯೂಟರಿನಲ್ಲಿ ಆ ವಿಡಿಯೊ ಹಾಕಿದರೆ ಅಮ್ಮನ ಕೈ ಮೇಲೇಳುತ್ತದೆ, ಅಲ್ಲೇ ನಿಲ್ಲುತ್ತದೆ, ಮತ್ತೆ ನೋಡಿದರೆ ಮಡಿಲಲ್ಲಿರುತ್ತದೆ. ನಡುವಿನ ಮಾತೆಲ್ಲ ಮಾಯ. ನಾನು ಬೇರೆ ಕಡೆ ನೋಡಿಕೊಂಡು ಬಂದು ಹೇಳುತ್ತೇನೆಂದರೆ, ಅದು ತನಗೆ ಹೇಳಿದ್ದು ಎಂದ ಅಪ್ಪ. ಅವಳು ಈ ಮೇಜಿನ ಮುಂದೆ ಕೂತೇ ಹೇಳಿದ್ದಾಳೆ, ಇಲ್ಲೇ, ಈ ಕಂಪ್ಯೂಟರಿನಲ್ಲೇ ನೋಡಬೇಕಂತೆ. ಹಟಕ್ಕೆ ಬಿದ್ದರೆ ಜಗ್ಗುವ ಆಸಾಮಿಯಲ್ಲ.

ರಿಪೇರಿಯವನನ್ನು ಮನೆಗೇ ಕರೆಸಿದೆ. ಕೈಮಾತು ಬಾರದ ಅವನು ನೋಡಬಹುದು ಎಂದ ಅಪ್ಪ. ನನಗೆ ಮಾತ್ರ ಪರದೆಯ ಬೆನ್ನ ಕಡೆ ಜಾಗ. ಇಷ್ಟು ಸ್ಪಷ್ಟ ಚಿತ್ರ ತೋರಿಸುವಷ್ಟರಲ್ಲಿ ಈ ಮುದಿ ಪ್ರೊಸೆಸರಿಗೆ ಏದುಸಿರು ಬರುತ್ತದೆ, ವಿಡಿಯೊವನ್ನೇ ಹಗುರ ಮಾಡಬೇಕು ಎಂದ ರಿಪೇರಿಯವನು. ಮಾಡಿದ. ಎಲ್ಲರಿಗೂ ಮಾಡುವಂತೆ ಮುಖದ ಸ್ಪಷ್ಟತೆ ಉಳಿಸಿ, ಒಂದರ ಹಿಂದೊಂದು ಓಡುವ ಚಿತ್ರಗಳಲ್ಲಿ ನಡುನಡುವಿನವನ್ನು ಕಿತ್ತುಹಾಕಿದ್ದ. ಅಪ್ಪ ಬೇಸರದಿಂದ ತಲೆ ಅಲ್ಲಾಡಿಸಿದ. ಬೆರಳುಗಳು ಈಗ ಇನ್ನೂ ಕುಪ್ಪಳಿಸುತ್ತಿದ್ದವಂತೆ.

ಸೌಂಡ್ ನಿಲ್ಲದೆ ಬರುತ್ತಿದೆಯಲ್ಲ ಎಂದು ರಿಪೇರಿಯವನು ಅಭ್ಯಾಸಬಲದಿಂದ ಅಂದುಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಆ ಸೌಂಡು ಅವತ್ತು ಕೋಣೆಯಲ್ಲಿ ತಿರುಗುತ್ತಿದ್ದ ಫ್ಯಾನಿನದು, ಮಾತು ಇರುವುದು ಕೈಯಲ್ಲಿ ಎಂದು ಗದರಿದೆ. ಪಾಪ, ಪೆಚ್ಚಾದ.

"ಹಾಗಾದ್ರೆ ಇದರಲ್ಲಿ ಎರಡೂ ಆಗಲ್ಲ. ಕೈ ಪೂರ್ತಿ ಕಾಣ್ಬೇಕಂದ್ರೆ ಮುಖ ಮಸುಕಾಗತ್ತೆ. ಕೇಳಿ ನೋಡಿ."

ಅಪ್ಪನಿಗೆ ಕೈಮಾತಿನಲ್ಲಿ ಕೇಳಿದೆ. ಅದರಲ್ಲಿ ಅರ್ಧ ಮಾತು ಮುಖದಲ್ಲಿರುತ್ತದೆ. ಅವನು ತಡಮಾಡದೆ ಬೆರಳಾಡಿಸಿದ.

"ಕೈ ಸಾಕು. ಮುಖ ನಾನು ತುಂಬ್ಕೋತೀನಿ."

ಈ ಸಲ ವಿಡಿಯೊ ಸಲೀಸಾಗಿ ಓಡಿತು. ರಿಪೇರಿಯವನು ಸದ್ದಿಲ್ಲದೆ ಹೊರಗೆ ಹೋಗಿ ನಿಂತ. ನನಗೆ ಕಾಣುತ್ತಿದ್ದದ್ದು ಅಪ್ಪ ಮಾತ್ರ. ವಿಡಿಯೊ ಮುಗಿಯುವವರೆಗೂ ಅವನ ಕೈ ಮಂಡಿಯ ಮೇಲೇ ಇತ್ತು. ಆಮೇಲೆ ಎದ್ದಿತು, ನನ್ನ ಕಡೆಗಲ್ಲ, ಪರದೆಯ ಕಡೆಗೆ.

"ಆ ಆಪರೇಷನ್ ನಾನಾಗಿದ್ರೂ ಬೇಡ ಅಂತಿದ್ದೆ. ಆಗ್ಲೇ ಹೇಳ್ಬಾರ್ದಿತ್ತಾ? ಇಬ್ರೂ ಕೂತು ಅಳ್ತಿದ್ವಿ."