ಹನ್ನೊಂದು ಸಲ ಹೂಂ

ಲೋಕನಾಥನಿಗೆ ಹೊರಡುವ ಆತುರ. ಬೆಳಗಾದರೆ ಮಡಕಶಿರಾದಲ್ಲಿ ಅವನ ಹೊಸ ಜೀನ್ಸ್ ಅಂಗಡಿ ಬಾಗಿಲು ತೆಗೆಯಬೇಕು. ರಾಯದುರ್ಗದಲ್ಲಿ ಅವನ ಹೊಲಿಗೆ ಶೆಡ್ಡಿನ ಮುಂದೆ ಸರಕು ತುಂಬಿದ ಟೆಂಪೋ ಹಾರ್ನ್ ಹೊಡೆಯುತ್ತಲೇ ಇತ್ತು. ಆದರೂ ಅವನು ಕಟಿಂಗ್ ಟೇಬಲ್ಲಿನ ಮೇಲಿದ್ದ ಲ್ಯಾಪ್‌ಟಾಪ್ ಬಿಟ್ಟು ಏಳಲೊಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸಾಲುಸಾಲಾಗಿ ಮೇಲೇರುತ್ತಿದ್ದವು.

ಪ್ಯಾಂಟಿನ ರಾಶಿಯ ಹಿಂದೆ ಕೂತು ದಾರ ಕತ್ತರಿಸುತ್ತಿದ್ದ ಮೌನಿಕಾ ಅದನ್ನೇ ನೋಡುತ್ತಿದ್ದಳು. ಎಂಟನೇ ತರಗತಿಗೆ ಶಾಲೆ ಬಿಟ್ಟವಳು ಅವಳು. ಅಲ್ಲಿಂದೀಚೆಗೆ ಕಲಿತದ್ದೆಲ್ಲ ಹೀಗೆ ದೂರದಿಂದ ಕಣ್ಣಿಟ್ಟು ಕಲಿತದ್ದೇ. ಆರು ತಿಂಗಳು ನೋಡಿ ನೋಡಿ ಹೊಲಿಗೆಯನ್ನೂ ಹಾಗೇ ಕಲಿತಿದ್ದಳು. ಸೋಮವಾರದಿಂದ ನಿನಗೂ ಒಂದು ಮಿಷನ್ ಕೊಡುತ್ತೇನೆ ಎಂದು ಲೋಕನಾಥ ಮಾತು ಕೊಟ್ಟಿದ್ದ.

"ಹಂಪಕ್ಕ, ಇಲ್ಲಿ ನೋಡ್ರಿ," ಎಂದು ಅವನು ಶೆಡ್ಡಿನ ಹಿರಿಯ ಟೈಲರನ್ನು ಕರೆದ. "ಇದು ಎಐ ಅಂತ. ಆಳಿದ್ದಂಗ. ಹೇಳಿದ ಕೆಲಸ ತಾನ ಮಾಡ್ತೈತಿ. ಜಾಹೀರಾತು ಹಾಕೋ ಕಂಪನಿಗೂ ಇದಕ್ಕೂ ನಡುವೆ ಒಂದು ಟೂಲ್ ಹಾಕಿ ಕೂಡಿಸೀನಿ. ಇಲ್ಲಿ ಒಂದು ಸಾಲು ಬರದ್ರ ಸಾಕು, ಮಡಕಶಿರಾದ ಸುತ್ತ ಇರೋರ ಫೋನ್ನಾಗ ನಮ್ಮ ಅಂಗಡಿ ಕಾಣಸ್ತೈತಿ."

"ಊಟ ಕೇಳಂಗಿಲ್ಲ, ಅಡ್ವಾನ್ಸ್ ಕೇಳಂಗಿಲ್ಲ. ನಮಗಿಂತ ಚಲೋ ಆಳು ಬಿಡ್ರಿ," ಎಂದಳು ಹಂಪಕ್ಕ, ಮಿಷನ್ ನಿಲ್ಲಿಸದೆ.

ಟೆಂಪೋ ಮತ್ತೆ ಕೂಗಿತು. ಲೋಕನಾಥ ಎದ್ದು ಸುತ್ತ ಕಣ್ಣಾಡಿಸಿದ. ಟೈಲರುಗಳ ಕೈಗೆ ಬಿಡುವಿರಲಿಲ್ಲ.

"ಮೌನಿಕಾ, ನೀ ಬಾ. ಇಲ್ಲಿ ಕುಂದ್ರು. ಹೇಳೋದೆಲ್ಲ ಹೇಳೀನಿ ಅದಕ್ಕ. ಫೋಟೋನೂ ಅದರಾಗ ಅದಾವ. ಒಂದೊಂದು ಕೆಲಸಕ್ಕೂ ಮಾಡ್ಲಾ ಅಂತ ಕೇಳ್ತೈತಿ. ಏನ ಕೇಳಿದ್ರೂ ಒಂದು ಒತ್ತಿ ಎಂಟರ್ ಹೊಡಿ. ಒಂದು ಅಂದ್ರ ಹೂಂ ಅಂದಂಗ."

"ನಂಗೆ ಇಂಗ್ಲಿಷ್ ಬರಲ್ಲ ಅಣ್ಣ."

"ಹೂಂ ಅನ್ನಾಕ ಇಂಗ್ಲಿಷ್ ಯಾಕ ಬೇಕು?"

ಹನ್ನೊಂದು ಸಲ ಕೇಳಿತು. ಹನ್ನೊಂದು ಸಲವೂ ಅವಳು ಒಂದು ಒತ್ತಿ ಎಂಟರ್ ಹೊಡೆದಳು. ದಾರ ಕತ್ತರಿಸುವ ಕೈ. ಕಣ್ಣು ಬರುವುದಕ್ಕೆ ಮುಂಚೆಯೇ ಬೆರಳು ಹೋಗಿಬಿಡುತ್ತದೆ. ಆಮೇಲೆ ಪರದೆ ಸುಮ್ಮನಾಯಿತು. ಅವಳು ತನ್ನ ರಾಶಿಗೆ ಮರಳಿದಳು.

ಮಧ್ಯಾಹ್ನ ಮೂರರ ಹೊತ್ತಿಗೆ ಫೋನ್ ಗುಂಯ್ ಎಂದಿತು. ಮಡಕಶಿರಾದಲ್ಲಿರುವ ಚಿಕ್ಕಪ್ಪನ ಮಗಳು ಶಿರಿಷಾ ಒಂದು ಚಿತ್ರ ಕಳಿಸಿದ್ದಳು. ಕೆಳಗೆ ಒಂದೇ ಸಾಲು: "ಅಕ್ಕಾ, ಇದು ನೀನಾ?"

ಅವಳೇ. ಬಿಗಿಯಾದ ನೀಲಿ ಜೀನ್ಸ್, ಮೇಲೊಂದು ಗಿಡ್ಡ ಶರ್ಟು, ಹಲ್ಲು ಬಿಟ್ಟು ನಗುತ್ತಿರುವ ಮುಖ. ತಲೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಅಂಗಡಿಯ ಹೆಸರು.

ಶೆಡ್ಡಿನಲ್ಲಿ ಬಟ್ಟೆ ತೊಡಿಸಿ ನೋಡುವ ಗೊಂಬೆ ಇಲ್ಲ. ಲೇಡೀಸ್ ಪ್ಯಾಂಟಿನ ಹೊಸ ಸ್ಯಾಂಪಲ್ ಬಂದಾಗ, ಹೆಂಗಸರಲ್ಲೇ ತೆಳ್ಳಗಿರುವವಳು ಸ್ಟೋರ್ ರೂಮಿನಲ್ಲಿ ಅದನ್ನು ತೊಟ್ಟು ಗೋಡೆಗೆ ನಿಲ್ಲುತ್ತಾಳೆ, ಇನ್ನೊಬ್ಬಳು ಸೊಂಟದಿಂದ ಕೆಳಗೆ ಫೋಟೋ ತೆಗೆಯುತ್ತಾಳೆ. ಸೊಂಟ, ತೊಡೆ ಸರಿ ಕೂತಿದೆಯೇ ಎಂದು ಕಟಿಂಗ್ ಮಾಸ್ತರು ಅದರಲ್ಲೇ ನೋಡುವುದು. ಅವತ್ತು ತೊಟ್ಟವಳು ಮೌನಿಕಾ, ಫೋಟೋ ತೆಗೆದವಳು ಹಂಪಕ್ಕ. ಏನೋ ಚೇಷ್ಟೆಯ ಮಾತಾಡಿ ನಗಿಸಿದ್ದಳು, ಮುಖವೂ ಬಂದುಬಿಟ್ಟಿತ್ತು. ಆ ಚಿತ್ರ ಮಾಸ್ತರಿಗೆ ಹೋಗಿ, ಅಲ್ಲಿಂದ ಲ್ಯಾಪ್‌ಟಾಪಿನಲ್ಲಿ ಉಳಿದುಕೊಂಡಿತ್ತು.

ಅವಳ ಅಪ್ಪ ಕಾಟಪ್ಪ ಇರುವುದು ಮಡಕಶಿರಾದ ಪಕ್ಕದ ಗುಡಿಬಂಡೆಯಲ್ಲಿ. ಒಂದು ಮಾತಿನ ಮೇಲೆ ಮಗಳನ್ನು ಇಷ್ಟು ದೂರ ಕಳಿಸಿದ್ದ: ಮೂಲೆಯಲ್ಲಿ ಕೂತು ದಾರ ಕತ್ತರಿಸುವುದು, ಹಂಪಕ್ಕನ ಮನೆಯಲ್ಲಿ ಉಳಿಯುವುದು, ನಾಲ್ಕು ಜನರ ಕಣ್ಣಿಗೆ ಬೀಳದಿರುವುದು. ಇದನ್ನು ಕಂಡರೆ ಬಂದು ಕರೆದುಕೊಂಡು ಹೋಗುತ್ತಾನೆ. ಸೋಮವಾರವೂ ಇಲ್ಲ, ಮಿಷನ್ನೂ ಇಲ್ಲ.

ಲೋಕನಾಥನಿಗೆ ಫೋನ್ ಮಾಡಿದಳು. ಸಿಗ್ನಲ್ ಇಲ್ಲದ ಕಡೆ ಎಲ್ಲೋ ಇದ್ದ. ಮತ್ತೆ ಮಾಡಿದಳು. ಇಲ್ಲ.

"ಏನಾತಬೇ, ಮುಖ ಯಾಕ ಸುಣ್ಣ ಬಡಿದಂಗ ಆಗೈತಿ?" ಎಂದು ಬಂದ ಹಂಪಕ್ಕ ಫೋನ್ ಇಸಿದುಕೊಂಡು ನೋಡಿದಳು. ನೋಡಿದವಳೇ ಓಡಿಹೋಗಿ ಗೋಡೆಯ ಮೇನ್ ಸ್ವಿಚ್ ಎಳೆದಳು.

ಈ ಶೆಡ್ಡಿನಲ್ಲಿ ಯಾರ ಬೆರಳಿಗೆ ಸೂಜಿ ಇಳಿದರೂ ಮಾಡುವ ಮೊದಲ ಕೆಲಸ ಅದು. ಹನ್ನೆರಡು ಮಿಷನ್ ಒಟ್ಟಿಗೆ ನಿಂತವು. ಫ್ಯಾನಿನ ಸದ್ದೂ ಸತ್ತಿತು.

"ತಗೋ, ನಿಂತಿತು."

ಮೌನಿಕಾಳ ಫೋನ್ ಮತ್ತೆ ಗುಂಯ್ ಎಂದಿತು. ಶಿರಿಷಾ ಇನ್ನೊಂದು ಚಿತ್ರ ಕಳಿಸಿದ್ದಳು. ಫೋಟೋದ ಕೆಳಗೆ ಯಾರೋ ತೆಲುಗಿನಲ್ಲಿ ಬರೆದಿದ್ದರು: "ಎವರ್ರಾ ಈ ಅಮ್ಮಾಯಿ?" ಇನ್ನೊಬ್ಬ ಉತ್ತರ ಕೊಟ್ಟಿದ್ದ: "ಮನ ಗುಡಿಬಂಡ ಸೈಡೇ ಅನುಕುಂಟಾ."

ಯಾರೋ ಈ ಹುಡುಗಿ? ನಮ್ಮ ಗುಡಿಬಂಡೆ ಕಡೆಯವಳೇ ಇರಬೇಕು.

"ನಿಂತಿಲ್ಲ ಅಕ್ಕ. ಅದು ಇಲ್ಲಿಲ್ಲ. ಇಲ್ಲಿಂದ ಕಳಿಸಿದ್ದು ಅಷ್ಟೇ, ಓಡ್ತಿರೋದು ಎಲ್ಲೋ."

ಹಂಪಕ್ಕ ಗಾಬರಿಯಲ್ಲಿ ಸ್ವಿಚ್ಚನ್ನು ಮೇಲೆತ್ತಿದಳು. ಮಿಷನ್ನುಗಳನ್ನು ಯಾರೂ ಆರಿಸಿರಲಿಲ್ಲ. ಹನ್ನೆರಡು ಮೋಟರೂ ಒಂದೇ ಸಲ ಕರೆಂಟ್ ಎಳೆದವು. ಫಟ್ ಎಂದು ಫ್ಯೂಸ್ ಹಾರಿತು. ಇಂಟರ್ನೆಟ್ಟಿನ ಡಬ್ಬಿಯ ಹಸಿರು ದೀಪ ಮತ್ತೆ ಹತ್ತಲೇ ಇಲ್ಲ.

ಲ್ಯಾಪ್‌ಟಾಪ್ ಮಾತ್ರ ಬ್ಯಾಟರಿಯ ಮೇಲೆ ಉರಿಯುತ್ತಿತ್ತು. ಮೌನಿಕಾ ಅದರ ಮುಂದೆ ಕೂತಳು. ಫೋನಿನಲ್ಲಿ ಬರೆಯುವಂತೆ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಕುಟ್ಟಿದಳು: ಆ ಜಾಹೀರಾತು ನಿಲ್ಲಿಸು. ಬೇಗ ನಿಲ್ಲಿಸು.

ಪರದೆಯ ಮೇಲೆ ಕೆಂಪು ಸಾಲೊಂದು ಬಂತು. ಮತ್ತೆ ಬರೆದಳು. ಮತ್ತೆ ಕೆಂಪು.

ನೆಟ್ ಇಲ್ಲ. ನಿಲ್ಲಿಸುವ ದಾರಿಯನ್ನೇ ತಾವು ಕಡಿದು ಹಾಕಿದ್ದರು.

ಹೋದ ವಾರ ಕರೆಂಟ್ ಹೋದಾಗ ಲೋಕನಾಥ ತನ್ನ ಫೋನಿನ ನೆಟ್ಟನ್ನೇ ಲ್ಯಾಪ್‌ಟಾಪಿಗೆ ಹೇಗೆ ಕೊಟ್ಟಿದ್ದನೆಂದು ಅವಳು ಕಣ್ಣು ಮುಚ್ಚಿ ನೆನೆದಳು. ಫೋನಿನ ಪರದೆಯನ್ನು ಮೇಲಿನಿಂದ ಎಳೆದ. ವೃತ್ತದೊಳಗೆ ವೃತ್ತವಿರುವ ಗುರುತು ಒತ್ತಿದ. ಲ್ಯಾಪ್‌ಟಾಪಿನ ಬಲ ಮೂಲೆಯಲ್ಲಿ ತನ್ನ ಫೋನಿನ ಹೆಸರು ಹುಡುಕಿದ. ಅವಳೂ ಹಾಗೇ ಮಾಡಿದಳು. ತಪ್ಪಿತು. ಇನ್ನೊಮ್ಮೆ ಮಾಡಿದಳು. ಹಂಪಕ್ಕ ಬೆನ್ನ ಹಿಂದೆ ನಿಂತು ಸೆರಗು ಕಚ್ಚಿಕೊಂಡಿದ್ದಳು.

ಮೂಲೆಯ ಗುರುತು ಬಿಳಿಯಾಯಿತು. ಆಗ ಮತ್ತೆ ಬರೆದಳು: ಜಾಹೀರಾತು ನಿಲ್ಲಿಸು. ಕನ್ನಡದಲ್ಲಿ ಹೇಳು.

ಕನ್ನಡವೇ ಬಂತು. "ಜಾಹೀರಾತು ಈಗ ನಡೆಯುತ್ತಿದೆ. ಇದನ್ನು ನಿಲ್ಲಿಸಲೇ? 1. ಹೌದು. 2. ಬೇಡ."

ಒಂದು. ಎಂಟರ್.

"ನಿಲ್ಲಿಸಲಾಗಿದೆ. ಇದುವರೆಗೆ 412 ಜನರಿಗೆ ತಲುಪಿದೆ."

ಆ ಸಂಖ್ಯೆಯನ್ನು ಅವಳು ನೋಡುತ್ತಲೇ ಕೂತಳು. ಗುಡಿಬಂಡೆಯ ಆಟೋ ಸ್ಟ್ಯಾಂಡಿನಲ್ಲಿ ಎಷ್ಟು ಜನ ಕೂತಿರುತ್ತಾರೆ? ಆಮೇಲೆ ಮೆಲ್ಲಗೆ ಬರೆದಳು: ಆ ಫೋಟೋನೇ ಯಾಕೆ ತಗೊಂಡೆ?

"ಫೋಲ್ಡರಿನಲ್ಲಿದ್ದ ಚಿತ್ರಗಳಲ್ಲಿ ಇದೊಂದರಲ್ಲೇ ನಗುತ್ತಿರುವ ಮುಖವಿತ್ತು. ಅಂಥ ಚಿತ್ರವನ್ನು ಜನ ನಿಂತು ನೋಡುತ್ತಾರೆ. ಬಳಸುವ ಮೊದಲು ಒಪ್ಪಿಗೆ ಕೇಳಿದ್ದೆ. ಒಪ್ಪಿಗೆ ಸಿಕ್ಕಿತ್ತು."

ಹಂಪಕ್ಕ ಬಗ್ಗಿ ಅದನ್ನು ಓದಿದಳು. "ನಗಿಸಿದಾಕಿ ನಾನು. ನಾಲಿಗೀ ಸುಡ್ಲಿ ನಂದು."

ಅಷ್ಟರಲ್ಲಿ ಲೋಕನಾಥನ ಫೋನ್ ಬಂತು. ಕಲ್ಯಾಣದುರ್ಗ ದಾಟಿ ಸಿಗ್ನಲ್ ಸಿಕ್ಕಿದ್ದೇ, ಜಾಹೀರಾತು ನಿಂತ ಸಂದೇಶ ಅವನ ಫೋನಿಗೂ ಹೋಗಿತ್ತು.

"ಆ್ಯಡ್ ಯಾರ್ ನಿಲ್ಸಿದ್ದು?"

"ನಾನೇ ಅಣ್ಣ. ಅದ್ರಲ್ಲಿ ನನ್ ಮುಖ ಐತೆ."

"ಇದ್ರೇನಾತು, ಚಂದ ಐತಿ! ಒಂದ ತಾಸಿಗೆ ಎಷ್ಟ್ ಜನ ನೋಡ್ಯಾರ ಗೊತ್ತೇನು? ತಿರುಗಿ ಹಾಕು. ನಾಳೆ ಒಂದಿನ ನಡೀಲಿ. ಮಿಷನ್ ಬೇಕಂತಿಯಲ್ಲ ಸೋಮವಾರ?"

ಫೋನ್ ಕಸಿದುಕೊಳ್ಳಲು ಹಂಪಕ್ಕ ಕೈ ಚಾಚಿದಳು. ಮೌನಿಕಾ ತಿರುಗಿ ನಿಂತಳು.

"ಹಾಕಲ್ಲ ಅಣ್ಣ. ಮುಖ ಇಲ್ದಿರೋ ಫೋಟೋ ಹಾಕ್ತೀನಿ. ನೀವ್ ಮಾರೋದು ಪ್ಯಾಂಟ್ ತಾನೆ? ಪ್ಯಾಂಟ್ ಕಾಣುತ್ತೆ."

"ಭಾಳ ಮಾತು ಕಲ್ತಿ," ಎಂದ ಲೋಕನಾಥ. "ಏನರ ಹಾಕು. ಮಿಷನ್ನಿಂದು ಬಂದಮ್ಯಾಲೆ ನೋಡ್ತೀನಿ." ಫೋನ್ ಇಟ್ಟ.

ಹಂಪಕ್ಕ ಅದೇ ಅಳತೆಯ ಪ್ಯಾಂಟನ್ನು ಗೋಡೆಯ ಮೊಳೆಗೆ ನೇತು ಹಾಕಿದಳು. ಮೌನಿಕಾ ಫೋಟೋ ತೆಗೆದು ಒಳಗೆ ಹಾಕಿದಳು. ಪರದೆ ಒಂದೊಂದೇ ಕೇಳುತ್ತಾ ಹೋಯಿತು. ಈ ಸಲ ಅವಳು ಒಂದೊಂದು ಅಕ್ಷರವನ್ನೂ ತುಟಿಯಲ್ಲಿ ಓದಿಕೊಂಡಳು. ನಾಲ್ಕನೆಯದು, ಫೋಲ್ಡರಿನ ಉಳಿದ ಚಿತ್ರಗಳನ್ನೂ ಸರದಿಯಲ್ಲಿ ಬಳಸಲೇ ಎಂಬುದು. ಎರಡು ಒತ್ತಿದಳು.

ಕೆಲಸ ಮುಗಿದ ಮೇಲೆ ಸ್ಟೋರ್ ರೂಮಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಮುಂಚೆ ತಾನೇ ಹೇಳಬೇಕು. ಅಪ್ಪನಿಗೆ ಫೋನ್ ಮಾಡಿದಳು. ತಡೆಯದೆ, ಉಸಿರು ತೆಗೆದುಕೊಳ್ಳದೆ, ಸ್ಯಾಂಪಲ್ ತೊಟ್ಟದ್ದು, ಹನ್ನೊಂದು ಸಲ ಹೂಂ ಅಂದದ್ದು, ನಿಲ್ಲಿಸಿದ್ದು ಎಲ್ಲ ಹೇಳಿ ಮುಗಿಸಿದಳು.

"ಆಗ್ಲೇ ತೋರ್ಸುದ್ರು ಕಣವ್ವ, ಆಟೋತಾವ," ಎಂದ ಕಾಟಪ್ಪ. "ನಿನ್ ಮಗಳಂಗೆ ಅವ್ಳೆ ಅಂದ್ರು. ನಮ್ಮುಡ್ಗಿ ಅಲ್ಲ ಅಂದ್ಬುಟ್ಟೆ."

"ನಾನೇ ಅಪ್ಪ ಅದು."

"ನಾಳೆ ಬತ್ತೀನಿ. ಬಟ್ಟೆ ಕಟ್ಕೊಂಡಿರು."

"ಬಾ ಅಪ್ಪ. ಬಂದು ನೋಡು. ಎಲ್ಲಿ ಕುಂತ್ಕೊತೀನಿ, ಏನ್ ಕೆಲ್ಸ ಮಾಡ್ತೀನಿ, ಎಲ್ಲಾ ತೋರಿಸ್ತೀನಿ. ಬಟ್ಟೆ ಮಾತ್ರ ಕಟ್ಟಲ್ಲ."

ಇಷ್ಟು ಮಾತು ಅಪ್ಪನೊಂದಿಗೆ ಅವಳು ಯಾವತ್ತೂ ಆಡಿದವಳಲ್ಲ. ಫೋನ್ ಕಿವಿಗೊತ್ತಿ ಕಾದಳು. ಅವನು ಬೈಯಲಿಲ್ಲ, ಇಡಲೂ ಇಲ್ಲ. ಆ ಕಡೆ ಯಾವುದೋ ಆಟೋ ಶುರುವಾಗಿ ದೂರ ಹೋದ ಸದ್ದು ಕೇಳಿತು.

"ರಾಯದುರ್ಗದಾಗೆ ಎಲ್ಲಿ ಇಳೀಬೇಕು?" ಎಂದ ಕಾಟಪ್ಪ.