ಖಾರ ಹತ್ತದ ಕಾಲು

“ಯಾರ್ರೀ ಇದನ್ನ ಕಟ್ಟಿದ್ದು?”

ರಾಣೆಬೆನ್ನೂರಿನ ಆ ನರ್ಸಿಂಗ್ ಹೋಮಿನ ಡಾಕ್ಟರು ಹಳದಿಗಟ್ಟಿದ ಬ್ಯಾಂಡೇಜನ್ನು ಚಿಮಟದ ತುದಿಯಲ್ಲಿ ಎತ್ತಿ ಹಿಡಿದಿದ್ದರು. ಅವರ ಕಣ್ಣೆಲ್ಲ ಬಟ್ಟೆಯ ಮೇಲೆಯೇ ಇತ್ತು. ಮೇಜಿನ ಮೇಲೆ ಚಾಚಿದ್ದ ಗದಿಗೆವ್ವನ ಎಡಗಾಲಿನ ಅಡಿಯಲ್ಲಿ, ಹೆಬ್ಬೆರಳಿನ ಬುಡಕ್ಕೆ, ನಾಣ್ಯದಷ್ಟು ಅಗಲದ ಹುಣ್ಣು ನಾಲ್ಕು ತಿಂಗಳಿಂದ ಬಾಯಿ ತೆರೆದುಕೊಂಡಿತ್ತು.

“ಬ್ಯಾಡಗ್ಯಾಗ ಕಂಪೌಂಡರ್ ಕೊಟ್ರಪ್ಪ ಅಂತ ಅದಾರ್ರಿ. ಅವರು ಕಟ್ಟಿದ್ದು,” ಎಂದಳು ಸೊಸೆ ಭುವನಾ.

“ಅವನ್ಯಾವ ಊರ ಡಾಕ್ಟರು? ನಾ ಕಟ್ಟಿದ್ದನ್ನ ನಾಕು ದಿನ ಬಿಚ್ಚಬ್ಯಾಡ್ರಿ ಅಂದಿದ್ನೋ ಇಲ್ಲೋ?”

“ಮರುದಿನಾನ ಕೀವು ಸೋರಾಕ ಹತ್ತಿತ್ರಿ. ಇಲ್ಲಿಗೆ ಫೋನ್ ಹಚ್ಚಿದ್ವಿ. ಯಾರೂ ಎತ್ತಲಿಲ್ಲ.”

ಡಾಕ್ಟರು ಬ್ಯಾಂಡೇಜನ್ನು ಬಕೆಟ್ಟಿಗೆ ಹಾಕಿ, ಮಾರು ದೂರದಿಂದಲೇ ಕಾಲನ್ನು ನೋಡಿ, ಕೈಗವಸು ಕಳಚಿದರು. “ಮೊಣಕಾಲಿನ ಕೆಳಗ ತೆಗೀಬೇಕಾಗ್ತದ. ಸೋಮವಾರ ಬಂದು ಅಡ್ಮಿಟ್ ಆಗ್ರಿ. ಸಿಸ್ಟರ್, ಮ್ಯಾಲೆ ಒಂದೀಟು ಬಟ್ಟಿ ಸುತ್ತಿ ಕಳಿಸ್ರಿ.”

“ಏನ್ ತೆಗೀತಾರಂತ?” ಗದಿಗೆವ್ವ ಸೊಸೆಯ ಸೆರಗು ಜಗ್ಗಿದಳು.

“ಕಾಲು, ಅತ್ತಿ.”

“ಉರಿ ಇಲ್ಲ, ನೋವಿಲ್ಲ. ಚಲೋ ಇದ್ದ ಕಾಲು ಯಾಕ ತೆಗೀತಾರ?”

ಆ ಮಾತು ಮುಗಿಯುವಷ್ಟರಲ್ಲಿ ಡಾಕ್ಟರು ಪರದೆಯ ಆಚೆ ಇನ್ನೊಬ್ಬರ ಹೊಟ್ಟೆ ಅಮುಕಿ ನೋಡುತ್ತಿದ್ದರು.

ಬಸ್ಸಿನಲ್ಲಿ ಭುವನಾ ಇಬ್ಬರ ಮಾತನ್ನೂ ಜೋಡಿಸಿ ನೋಡಿದಳು. ಎರಡು ವಾರದ ಹಿಂದೆ ಇದೇ ಡಾಕ್ಟರು ಹಾಕಿದ ದಪ್ಪ ಪಟ್ಟಿಯನ್ನು ಬಿಚ್ಚಿ ಕೊಟ್ರಪ್ಪ ಕೇಳಿದ್ದೂ ಇದನ್ನೇ: “ಯಾವ ಶಾಣ್ಯಾ ಕಟ್ಟ್ಯಾನವ್ವಾ ಇದನ್ನ?” ಒಬ್ಬ ಗಾಳಿಯಾಡದಂತೆ ಮುಚ್ಚಿದ, ಒಬ್ಬ ಬುರುಗು ಬರುವ ಔಷಧ ಸುರಿದು ಗಾಳಿಗೆ ಬಿಡಿ ಎಂದ. ಒಬ್ಬನಿಗೊಬ್ಬ ಒಂದು ಸಾಲು ಬರೆದು ಕಳಿಸಲಿಲ್ಲ. ಅಂಗನವಾಡಿಯಲ್ಲಿ ಅವಳು ಮೂವತ್ತೆರಡು ಮಕ್ಕಳ ತೂಕವನ್ನು ತಿಂಗಳು ತಪ್ಪದೆ ಬರೆಯುತ್ತಾಳೆ. ಕಾಲು ಕಿಲೋ ಇಳಿದರೂ ಮೇಲಿನವರು ಕಾರಣ ಕೇಳುತ್ತಾರೆ. ಇಲ್ಲಿ ಒಂದು ಇಡೀ ಕಾಲು ಹೋಗುವುದರಲ್ಲಿತ್ತು, ಏಕೆ ಎಂದು ಬರೆದ ಚೀಟಿ ಯಾರ ಬಳಿಯೂ ಇರಲಿಲ್ಲ.

“ಮೋಟೆಬೆನ್ನೂರ ಕ್ರಾಸ್! ಬ್ಯಾಡಗಿ ಕಡೆ ಹೋಗವ್ರು ಇಳೀರಿ!” ಕಂಡಕ್ಟರ್ ಕೂಗಿದ.

ಗದಿಗೆವ್ವ ಎದ್ದಳು. ಭುವನಾ ಅವಳ ರಟ್ಟೆ ಹಿಡಿದು ಕೂರಿಸಿದಳು. “ಕುಂದರ್ರಿ. ಹಾವೇರಿಗೆ ಹೋಗೋಣು.”

“ಅಲ್ಲೇನೈತಿ?”

“ಇಲ್ಲೇನಿತ್ತು?”

ಹಾವೇರಿಯ ಸರ್ಕಾರಿ ದವಾಖಾನೆಯಲ್ಲಿ ಸರದಿ ಬರುವಾಗ ಹನ್ನೆರಡು ಹೊಡೆದಿತ್ತು. ಡ್ರೆಸಿಂಗ್ ಕೋಣೆಯ ನರ್ಸಿನ ಹೆಸರು ಶ್ರೀದೇವಿ ಎಂದು ಎದೆಯ ಮೇಲಿನ ಪಟ್ಟಿಯಲ್ಲಿತ್ತು. ಯಾರು ಕಟ್ಟಿದ್ದು ಎಂದು ಆಕೆ ಕೇಳಲಿಲ್ಲ. ಸ್ಟೂಲ್ ಎಳೆದುಕೊಂಡು ಕುಳಿತು, ಪಾದವನ್ನು ತೊಡೆಯ ಎತ್ತರಕ್ಕೆ ತಂದು, ಉಪ್ಪುನೀರಿನ ಬಾಟಲಿಯಿಂದ ಹುಣ್ಣನ್ನು ನಿಧಾನ ತೊಳೆದಳು. ಸತ್ತ ತೊಗಲಿನ ಅಂಚನ್ನು ಎತ್ತಿ ನೋಡುತ್ತ ತಟಕ್ಕನೆ ಕೈ ನಿಲ್ಲಿಸಿದಳು. ಚಿಮಟದಲ್ಲಿ ಏನನ್ನೋ ಹೆಕ್ಕಿ ಬಿಳಿ ಬಟ್ಟೆಯ ಮೇಲೆ ಇಟ್ಟಳು.

ಚಪ್ಪಟೆಯಾದ, ಹಳದಿ ಬಣ್ಣದ ಬೀಜ.

“ನಮ್ಮೂರು ಕದರಮಂಡಲಗಿ,” ಎಂದಳು ಶ್ರೀದೇವಿ. “ಮೆಣಸಿನಕಾಯಿ ಬೀಜ ನನಗ ಗುರ್ತು ಹತ್ತತೈತಿ. ಇದು ಇಲ್ಲಿಗೆ ಹೆಂಗ ಬಂತು, ಅವ್ವಾರ?”

ಗದಿಗೆವ್ವ ಗೋಡೆ ನೋಡಿದಳು.

ಭುವನಾಳಿಗೆ ಅರ್ಥವಾಯಿತು. ಮೆಣಸಿನಕಾಯಿಯ ತೊಟ್ಟನ್ನು ಬ್ಯಾಡಗಿಯಲ್ಲಿ ತುಂಬು ಎನ್ನುತ್ತಾರೆ. ಕಾಯಿ ಒಣಹಾಕುವ ಕಳದಲ್ಲಿ ಕುಳಿತು ತುಂಬು ಬಿಡಿಸುವುದು ಗದಿಗೆವ್ವನ ಮೂವತ್ತು ವರ್ಷದ ಕೆಲಸ. ನಾಲ್ಕು ತಿಂಗಳಿಂದ ಅವಳು ಮನೆಯಲ್ಲೇ ಇದ್ದಾಳೆಂದು ಸೊಸೆ ನಂಬಿದ್ದಳು.

“ಮತ್ತ ಕಳಕ್ಕ ಹೋಗಿದ್ರೇನು?”

“ತುಂಬು ಬಿಡಸಾಕ ಹೋಗಿಲ್ಲ ಬಿಡ. ಕಾಲು ಒಣಗಸಾಕ ಹೋಗಿದ್ದೆ.”

“ಏನು?”

“ಒಣಗಸ್ರಿ ಅಂದಾನಲ್ಲ ಕೊಟ್ರಪ್ಪ. ನಮ್ಮ ಅಂಗಳದಾಗ ಬಿಸಿಲು ಎಲ್ಲೈತಿ? ನೀ ಅಂಗನವಾಡಿಗೆ ಹೋದಮ್ಯಾಲೆ ಹೋಗಿ, ಪಟ್ಟಿ ಬಿಚ್ಚಿ, ಕಾಯಿ ಹರವಿದ್ದರ ಬಾಜೂಕ ಕಾಲು ಚಾಚಿ ಕುಂದರ್ತಿದ್ದೆ. ಆ ಕಡೆ ಈ ಕಡೆ ಹೊಳ್ಳಿಸ್ತಿದ್ದೆ. ಹಸಿ ಇದ್ದದ್ದು ಕೊಳೀತೈತಿ, ಒಣಗಿದ್ದು ಉಳೀತೈತಿ. ನನಗ ಗೊತ್ತಿಲ್ಲೇನು?”

“ಬೀಜ ಹೊಕ್ಕರೂ ಉರೀಲಿಲ್ಲೇನು?” ಶ್ರೀದೇವಿ ಕೇಳಿದಳು.

ಗದಿಗೆವ್ವನ ಮುಖ ಅರಳಿತು. “ಮೂವತ್ತು ವರ್ಷ ಪಳಗಿದ ಕೈಕಾಲ್ರೀ, ಬಾಯಾರ. ನನಗ ಖಾರ ಹತ್ತಂಗಿಲ್ಲ. ಓಣ್ಯಾಗ ಕೇಳ್ರಿ ಬೇಕಾದ್ರ.”

“ತೊಗಲು ಪಳಗತೈತಿ, ಅವ್ವಾರ. ಹುಣ್ಣು ಪಳಗಂಗಿಲ್ಲ.”

ಶ್ರೀದೇವಿ ಒಂದು ಗಟ್ಟಿ ನೈಲಾನ್ ಎಳೆ ತೆಗೆದಳು. ಕಣ್ಣು ಮುಚ್ಚಿ, ಮುಟ್ಟಿದ ಕೂಡಲೇ ಹೂಂ ಅನ್ನಿ ಎಂದಳು. ಎಳೆ ಬಾಗುವಷ್ಟು ಒತ್ತಿ ಅಂಗಾಲಿನ ಹತ್ತು ಕಡೆ ಮುಟ್ಟಿದಳು. ಗದಿಗೆವ್ವ ಕಣ್ಣು ಮುಚ್ಚಿ, ಎಳೆ ಯಾವಾಗ ಮುಟ್ಟುತ್ತದೋ ಎಂದು ಕಾಯುತ್ತ, ಸುಮ್ಮನೆ ಕುಳಿತಿದ್ದಳು.

ಎಂಟು ವರ್ಷದ ಸಕ್ಕರೆ ರೋಗ ಕಾಲಿನ ನರಗಳನ್ನು ತಿಂದಿದೆ ಎಂದು ಆಮೇಲೆ ಬಂದ ಡಾಕ್ಟರು ಹೇಳಿದರು. ಪಾದದ ನಾಡಿ ಹಿಡಿದು ನೋಡಿದರು, ಎಕ್ಸ್-ರೇ ತೆಗೆಸಿದರು. ರಕ್ತ ಹರಿಯುತ್ತಿದೆ, ಕೀವು ಎಲುಬಿಗೆ ಇನ್ನೂ ಹತ್ತಿದಂತಿಲ್ಲ. ಕಾಲು ಉಳಿಯುತ್ತದೆಂದು ಮಾತು ಕೊಡಲಾರೆ, ಆದರೆ ಈಗಲೇ ಕತ್ತರಿಸುವ ಕಾಲೂ ಇದಲ್ಲ, ವಾರಕ್ಕೊಮ್ಮೆ ತಂದು ತೋರಿಸಿ ಎಂದರು. ಶ್ರೀದೇವಿ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟಳು: ದಿನಕ್ಕೊಮ್ಮೆ ಉಪ್ಪುನೀರಲ್ಲಿ ತೊಳೆದು ಹಸಿ ಬಟ್ಟೆ. ಬುರುಗಿನ ಔಷಧ ಬೇಡ. ಬಿಸಿಲು ಬೇಡ. ಎಡಗಾಲು ನೆಲಕ್ಕೆ ಊರಬಾರದು. ಗುಳಿಗೆ ತಪ್ಪಬಾರದು. ಬಟ್ಟೆ ಕಟ್ಟುವುದನ್ನು ಭುವನಾಳ ಕೈಯಿಂದ ಎರಡು ಸಲ ಮಾಡಿಸಿದಳು; ಹೊರಡುವಾಗ ಒಂದು ತುಂಡು ನೈಲಾನ್ ಎಳೆಯನ್ನೂ ಕೊಟ್ಟಳು.

ಬ್ಯಾಡಗಿಯಲ್ಲಿ ಇಳಿದ ಭುವನಾ ಅತ್ತೆಯನ್ನು ಆಟೋದಲ್ಲಿ ಮನೆಗೆ ಕಳಿಸಿ ನೆಟ್ಟಗೆ ಕೊಟ್ರಪ್ಪನ ಅಂಗಡಿಗೆ ಹೋದಳು. ಹಾಳೆಯನ್ನು ಮೇಜಿನ ಮೇಲಿಟ್ಟಳು. ಕೊಟ್ರಪ್ಪ ಕನ್ನಡಕ ಹಣೆಗೇರಿಸಿ ಓದಿದ.

“ಯಾರ್ ಬರದದ್ದು ಇದನ್ನ?”

ಬೆಳಗಿನಿಂದ ತಡೆದದ್ದು ಒಮ್ಮೆಲೇ ಹೊರಬಿತ್ತು. “ಎಲ್ಲಾರಿಗೂ ಅದ ಬೇಕ್ರೆಪಾ! ಯಾರು ಕಟ್ಟಿದ್ದು, ಯಾರು ಬರದದ್ದು! ನಾಲ್ಕು ತಿಂಗಳು ಕೈಯಾಗ ಹಿಡಕೊಂಡಿದ್ರಲ್ಲ ಆ ಕಾಲನ್ನ, ಔಷಧ ಹಾಕಿದಾಗ ಉರೀತೈತೇನಬೇ ಅಂತ ಒಂದಿನರೆ ಕೇಳಿದ್ರಿ?”

“ಉರಿ ಇಲ್ಲಂದ್ರ ಮಾಯಾಕತ್ತೈತಿ ಅಂತ ತಿಳಕೊಂಡೆ. ಆಕೀನ ಹೇಳ್ತಿದ್ಲು, ನನಗ ಖಾರ ಹತ್ತಂಗಿಲ್ಲ ಅಂತ. ಇಲ್ಲೆ ಕುಂತವ್ರೆಲ್ಲಾ ನಕ್ಕೇವಿ. ನೀನೂ ನಕ್ಕೀದಿ, ತಂಗಿ.”

ನಕ್ಕಿದ್ದಳು.

“ಒಣಗಸ್ರಿ ಅಂದ್ರಲ್ಲ?”

“ಅಂದೆ. ಕಳದಾಗ ಕಾಯಿ ಬಾಜೂಕ ಹೋಗಿ ಒಣಗಸ್ರಿ ಅಂದ್ನೇನು? ನಾ ಕಲ್ತದ್ದು ಇಷ್ಟ. ರಾತ್ರಿ ಹನ್ನೆರಡಕ್ಕ ಬಾಗಲಾ ಬಡದ್ರೂ ತಗದೇನಿ. ನಿಮ್ಮ ರಾಣೆಬೆನ್ನೂರಿನಾಂವ ತಗದಾನೇನು?” ಕೊಟ್ರಪ್ಪ ಹಾಳೆಯನ್ನು ಅವಳ ಕಡೆಗೆ ದೂಡಿದ. “ಅಷ್ಟು ಬಲ್ಲಾಕಿ ಆಗಿದ್ರ ನಾಳಿಂದ ನೀನ ಕಟ್ಟು.”

“ಕಟ್ತೇನಿ.”

ಹಾಳೆ ಮಡಚಿಕೊಂಡು ಹೊರಗೆ ಬಂದಳು. ಎದುರಿಗೆ ಮೆಣಸಿನಕಾಯಿ ಚೀಲ ಹೊತ್ತ ಲಾರಿ ಹಾದುಹೋಯಿತು. ದಾರಿಯಲ್ಲಿದ್ದವರೆಲ್ಲ ಕೆಮ್ಮಿದರು. ಅವಳೂ ಕೆಮ್ಮಿದಳು.

ಸೋಮವಾರ ಬಂತು. ಅವಳು ರಾಣೆಬೆನ್ನೂರಿಗೆ ಹೋಗಲಿಲ್ಲ. ಅಲ್ಲಿಂದ ಯಾಕೆ ಬರಲಿಲ್ಲವೆಂದು ಫೋನೂ ಬರಲಿಲ್ಲ. ಗಂಡ ಪ್ರವೀಣಕುಮಾರ ದಲಾಲಿ ಅಂಗಡಿಗೆ ಹೊರಡುತ್ತ ಹೊಸ್ತಿಲಲ್ಲಿ ನಿಂತು, “ಏನರೆ ಹೆಚ್ಚುಕಮ್ಮಿ ಆದ್ರ ಮಂದಿ ನಿನ್ನ ಬೈತಾರ ನೋಡ,” ಎಂದ.

“ನಿಮ್ಮವ್ವನ ಕಾಲು. ನೀವು ಕಟ್ರಿ ಹಂಗಾರ.”

ಅವನು ಚಪ್ಪಲಿ ಮೆಟ್ಟಿಕೊಂಡು ಹೋದ.

ಗದಿಗೆವ್ವ ಮಂಚದ ಮೇಲೆ ದಿಂಬಿಗೆ ಕಾಲಿಟ್ಟು ಕುಳಿತಿದ್ದಳು. ಭುವನಾ ಪಟ್ಟಿ ಬಿಚ್ಚಿ ತೊಳೆದಳು. ಹುಣ್ಣು ಹೋದ ವಾರದಷ್ಟೇ ಅಗಲವಿತ್ತು. ಹೆಚ್ಚಾಗಿರಲಿಲ್ಲ, ಕಡಿಮೆಯೂ ಆಗಿರಲಿಲ್ಲ. ಹಾಳೆಯ ಹಿಂದೆ ತಾರೀಖು ಹಾಕಿ ಅದನ್ನೇ ಬರೆದಳು.

“ಕಣ್ಣು ಮುಚ್ಚರಿ, ಅತ್ತಿ. ಮುಟ್ಟಿದ ಕೂಡ್ಲೆ ಹೂಂ ಅನ್ರಿ.”

ಗದಿಗೆವ್ವ ಕಣ್ಣು ಮುಚ್ಚಿದಳು. ಖಾಲಿ ಮಡಿಲಲ್ಲಿ ಅವಳ ಬಲಗೈಯ ಹೆಬ್ಬೆರಳು, ತೋರುಬೆರಳು ತಮ್ಮಷ್ಟಕ್ಕೆ ತುಂಬು ಬಿಡಿಸತೊಡಗಿದವು. ಹಿಡಿ, ಮುರಿ, ಬಿಡು.

ಭುವನಾ ಎಳೆಯನ್ನು ಬೆರಳಿಗೆ ಸರಿಪಡಿಸಿಕೊಂಡು, ಎಲ್ಲಿಂದ ಶುರು ಮಾಡಲಿ ಎಂದು ಅಂಗಾಲನ್ನು ನೋಡುತ್ತಿದ್ದಳು.

“ಹೂಂ,” ಎಂದಳು ಗದಿಗೆವ್ವ. “ಗೊತ್ತಾತು ನೋಡ. ಚುರುಕ್ ಅಂತು.”

ಎಳೆ ಇನ್ನೂ ಗಾಳಿಯಲ್ಲಿತ್ತು.